ಅರಿತು ಒಪ್ಪುವ ಹಕ್ಕು

ಮಂಗಳೂರಿನ ಯಾವುದಾದರೊಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಪೂರ್ವಾಹ್ಣವನ್ನು ಕಳೆದವರಿಗೆ, ತುಳುವಿನಲ್ಲಾಗಲಿ ಕೊಂಕಣಿಯಲ್ಲಾಗಲಿ, ಬ್ಯಾರಿಯಲ್ಲಾಗಲಿ ಕನ್ನಡದಲ್ಲಾಗಲಿ, ಒಂದೇ ಪ್ರಶ್ನೆಯು ಮರಳಿ ಮರಳಿ ಕಿವಿಗೆ ಬೀಳುವುದು: ‘ಎಂಕ್ ದಾದ ಆತ್ಂಡ್?’ ನನಗೆ ಏನಾಗಿದೆ? ವಿಷಾದದ ಸಂಗತಿಯೆಂದರೆ, ಈ ಪ್ರಶ್ನೆಯನ್ನು ಬಹುಮಂದಿ ರೋಗಿಗಳು ವೈದ್ಯರ ಮುಂದೆ ಕೇಳಲಾರದೆ ನುಂಗಿಕೊಂಡು, ಹೊರಗೆ ಬಂದ ಮೇಲೆ ಜೊತೆಗೆ ಬಂದ ನೆಂಟನಲ್ಲಿಯೋ, ಮದ್ದಿನಂಗಡಿಯ ಹುಡುಗನಲ್ಲಿಯೋ, ಬಸ್ಸಿಗೆ ಕಾಯುತ್ತಿರುವ ಅಪರಿಚಿತನಲ್ಲಿಯೋ ಕೇಳುತ್ತಾರೆ. ವೈದ್ಯರಿಗೆ ಪುರುಸೊತ್ತಿಲ್ಲವೆಂಬ ಸಂಕೋಚ, ಕೇಳಿದರೆ ಅವರು ಮುನಿದಾರೆಂಬ ಭಯ, ಕೇಳಿದರೂ ತಮಗೆ ಅರ್ಥವಾಗದೆಂಬ ಕೀಳರಿಮೆ, ಇವು ಮೂರೂ ಸೇರಿ ನಾಲಗೆಯನ್ನು ಕಟ್ಟಿಹಾಕುತ್ತವೆ. ಈ ಪ್ರಶ್ನೆಯನ್ನು ಕೇಳುವುದು ನಾಗರಿಕನ ಹಕ್ಕೆಂದೂ, ಉತ್ತರಿಸುವುದು ವೈದ್ಯನ ವಿಧ್ಯುಕ್ತ ಕರ್ತವ್ಯವೆಂದೂ ನಮ್ಮ ನೆಲದ ಕಾನೂನು ಅಂಗೀಕರಿಸಿರುವುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ವೈದ್ಯವಿದ್ಯೆಗೆ ಈ ನಗರವು ಹೊಸತಲ್ಲ. ವೆನ್ಲಾಕ್ ಆಸ್ಪತ್ರೆಯ ಮೂಲವು 1848ರಷ್ಟು ಹಿಂದಿನದು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ಬಡವರಿಗೆ ಹೋಮಿಯೋಪಥಿ ಔಷಧವನ್ನು ಹಂಚಲಾರಂಭಿಸಿದ್ದು 1880ರಲ್ಲಿ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ವೆನ್ಲಾಕಿನ ವಾರ್ಡುಗಳಲ್ಲಿ ರೋಗಿಗಳ ಪಕ್ಕದಲ್ಲಿ ನಿಂತು ಕಲಿಯತೊಡಗಿದ್ದು 1950ರ ದಶಕದಲ್ಲಿ. ಇಂದು ಕಾಸರಗೋಡಿನಿಂದ ತಲಪಾಡಿಯನ್ನು ದಾಟಿಯೂ, ಕೊಡಗು, ಚಿಕ್ಕಮಗಳೂರುಗಳಿಂದ ಘಟ್ಟವನ್ನಿಳಿದೂ ಜನರು ಇಲ್ಲಿಗೆ ಬರುತ್ತಾರೆ. ವಿದ್ಯೆಯು ಇಷ್ಟು ಹೇರಳವಾಗಿರುವ ಊರಿನಲ್ಲಿ ರೋಗಿಯೊಬ್ಬನು ತನ್ನ ರೋಗದ ಹೆಸರನ್ನೂ ಅರಿಯದೆ ಮನೆಗೆ ಮರಳುವಂತಾದರೆ, ಆ ವಿದ್ಯೆಯ ಫಲವು ಅರ್ಧಮಾತ್ರವೇ ಅವನಿಗೆ ಸಂದಂತಾಯಿತು.

ಅರಿವೂ ಔಷಧವೇ

ಈ ಮಾತು ಅಲಂಕಾರಕ್ಕಾಗಿ ಆಡಿದ್ದಲ್ಲವೆಂಬುದಕ್ಕೆ ಮಂಗಳೂರಿಗರಿಗೆ ಚಿರಪರಿಚಿತವಾದ ಮಲೇರಿಯಾ ಜ್ವರವೇ ಸಾಕ್ಷಿ. ಕಟ್ಟಡಗಳು ಏಳುವಲ್ಲಿ ನಿಲ್ಲುವ ನೀರಿನಲ್ಲಿಯೂ, ಮುಚ್ಚದ ತೊಟ್ಟಿಗಳಲ್ಲಿಯೂ ಬೆಳೆಯುವ ಅನಾಫಿಲಿಸ್ ಸೊಳ್ಳೆಯಿಂದ ಹರಡುವ ಈ ರೋಗದಲ್ಲಿ, ನಮ್ಮಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆ. ಇದರ ರೋಗಾಣುವು ರಕ್ತದಲ್ಲಿ ಮಾತ್ರವಲ್ಲದೆ ಯಕೃತ್ತಿನಲ್ಲಿಯೂ ಸುಪ್ತವಾಗಿ ಅಡಗಿರಬಲ್ಲದು. ಮೂರು ದಿನಗಳ ಕ್ಲೋರೋಕ್ವಿನ್ ಮಾತ್ರೆಯಿಂದ ರಕ್ತದಲ್ಲಿರುವ ರೋಗಾಣು ನಾಶವಾಗಿ ಜ್ವರವೇನೋ ಇಳಿಯುವುದು. ಆದರೆ ಯಕೃತ್ತಿನಲ್ಲಿ ಅಡಗಿದ್ದುದನ್ನು ನಿರ್ಮೂಲಗೊಳಿಸಲು ಹದಿನಾಲ್ಕು ದಿನಗಳ ಪ್ರೈಮಾಕ್ವಿನ್ ಮಾತ್ರೆಯು ಅವಶ್ಯಕ. ಇದನ್ನು ಯಾರೂ ಹೇಳದಿದ್ದಲ್ಲಿ, ಜ್ವರವಿಳಿದ ಕೂಡಲೆ ಕೂಲಿಗೆ ಹೊರಡುವ ಕಾರ್ಮಿಕನು ಉಳಿದ ಮಾತ್ರೆಗಳನ್ನು ಕಪಾಟಿನಲ್ಲಿಟ್ಟು ಮರೆಯುವನು; ವಾರಗಳು ಅಥವಾ ತಿಂಗಳುಗಳು ಕಳೆದ ಮೇಲೆ ಹೊಸ ಸೊಳ್ಳೆಯ ಕಡಿತವಿಲ್ಲದೆಯೇ ಅದೇ ಜ್ವರವು ಮರುಕಳಿಸುವುದು. ಅದೇ ಪ್ರೈಮಾಕ್ವಿನ್ ಗರ್ಭಿಣಿಯರಿಗೂ ಹಸುಗೂಸುಗಳಿಗೂ ನಿಷಿದ್ಧ. ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಲ್ಲಿ ಅದು ರಕ್ತಕಣಗಳನ್ನು ಒಡೆಯಬಲ್ಲದು. ಆದಕಾರಣ ವೈದ್ಯರು ತಿಳಿಸಬೇಕಾದ್ದು ಎಷ್ಟೋ, ರೋಗಿಯು ತಾನು ಬಸುರಿಯೆಂದೋ, ಹಿಂದೆ ಔಷಧವೊಂದು ಒಗ್ಗಲಿಲ್ಲವೆಂದೋ ತಿಳಿಸಬೇಕಾದ್ದೂ ಅಷ್ಟೇ.

ಪರೀಕ್ಷೆಗಳ ವಿಷಯವೂ ಹೀಗೆಯೇ. ಸಕ್ಕರೆ ಕಾಯಿಲೆಯವರಿಗೆ ಬರೆದುಕೊಡುವ ಎಚ್‌ಬಿಎ1ಸಿ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವುದೆಂದು ಅರಿತವನು, ಪರೀಕ್ಷೆಯ ಹಿಂದಿನ ದಿನವೊಂದು ಉಪವಾಸ ಮಾಡಿ ತನ್ನನ್ನೇ ವಂಚಿಸಿಕೊಳ್ಳಲಾರನು. ಬಣ್ಣದ ಔಷಧವನ್ನು ನರಕ್ಕೆ ಚುಚ್ಚಿ ಮಾಡುವ ಸಿಟಿ ಸ್ಕ್ಯಾನಿಗೆ ಮೊದಲು ಕ್ರಿಯಾಟಿನಿನ್ ನೋಡುವುದು ಮೂತ್ರಪಿಂಡಗಳ ಕ್ಷೇಮಕ್ಕಾಗಿ ಎಂದು ತಿಳಿದವನು, ಅದನ್ನು ಹಣ ಕೀಳುವ ಉಪಾಯವೆಂದು ಶಂಕಿಸಲಾರನು. ಹೇಳಿ ಮಾಡಿಸಿದ ಪರೀಕ್ಷೆಯು ರೋಗಿಗೂ ವೈದ್ಯನಿಗೂ ನಡುವೆ ವಿಶ್ವಾಸವನ್ನು ಬೆಳೆಸುವುದು. ಹೇಳದೆ ಮಾಡಿಸಿದ್ದು ಸಂಶಯವನ್ನು ಬಿತ್ತುವುದು.

ಸಮ್ಮತಿಯೆಂದರೇನು?

ಶಸ್ತ್ರಚಿಕಿತ್ಸೆಗೆ ಮುನ್ನ ಮುಂದಿಡುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದನ್ನು ನಮ್ಮ ಜನರು ಆಸ್ಪತ್ರೆಯ ಒಂದು ಶಾಸ್ತ್ರವೆಂದೇ ಬಗೆದಿದ್ದಾರೆ. ಕಾನೂನಿನ ದೃಷ್ಟಿಯು ಬೇರೆ. ಸಮೀರಾ ಕೊಹ್ಲಿ ಮೊಕದ್ದಮೆಯೆಂದು ಪ್ರಸಿದ್ಧವಾದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರ ಜನವರಿ 16ರಂದು ನೀಡಿದ ತೀರ್ಪು ಈ ವಿಷಯದಲ್ಲಿ ದಾರಿದೀಪ. ನಲವತ್ತನಾಲ್ಕು ವರ್ಷದ ಅವಿವಾಹಿತ ಮಹಿಳೆಯೊಬ್ಬರು ಮುಟ್ಟಿನ ತೊಂದರೆಗಾಗಿ ದೆಹಲಿಯ ಚಿಕಿತ್ಸಾಲಯವೊಂದಕ್ಕೆ ಹೋಗಿ, ಮುಖ್ಯವಾಗಿ ತಪಾಸಣೆಗಾಗಿ ಲ್ಯಾಪ್ರೊಸ್ಕೊಪಿಗೆ ಒಪ್ಪಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ, ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ಪ್ರಾಣಾಪಾಯವಿಲ್ಲದ ಸಂದರ್ಭದಲ್ಲಿ, ಪ್ರಾಪ್ತವಯಸ್ಕಳೂ ಸ್ವಸ್ಥಚಿತ್ತಳೂ ಆದ ರೋಗಿಯ ಬದಲಿಗೆ ಬೇರೊಬ್ಬರು, ತಾಯಿಯೇ ಆದರೂ, ಸಮ್ಮತಿಸಲಾಗದೆಂದೂ, ತಪಾಸಣೆಗೆ ಕೊಟ್ಟ ಒಪ್ಪಿಗೆಯು ಚಿಕಿತ್ಸೆಗೆ ಒಪ್ಪಿಗೆಯಾಗದೆಂದೂ ನ್ಯಾಯಾಲಯವು ನಿರ್ಣಯಿಸಿತು.

ಆ ತೀರ್ಪಿನ ಪ್ರಕಾರ ವೈದ್ಯರು ರೋಗಿಗೆ ಮುಂಚಿತವಾಗಿ ತಿಳಿಸಬೇಕಾದವು ಇವು: ಚಿಕಿತ್ಸೆಯ ಸ್ವರೂಪ ಮತ್ತು ವಿಧಾನ, ಅದರ ಉದ್ದೇಶ ಹಾಗೂ ಪ್ರಯೋಜನ, ಬದಲಿ ಮಾರ್ಗಗಳಿದ್ದರೆ ಅವು, ಗಣನೀಯವಾದ ಅಪಾಯಗಳು, ಮತ್ತು ಚಿಕಿತ್ಸೆಯನ್ನು ನಿರಾಕರಿಸಿದಲ್ಲಿ ಒದಗಬಹುದಾದ ಪರಿಣಾಮಗಳು. ಅತ್ಯಂತ ವಿರಳವಾದ, ದೂರದ ಅಪಾಯಗಳನ್ನೆಲ್ಲ ಪಟ್ಟಿಮಾಡಿ ರೋಗಿಯನ್ನು ಹೆದರಿಸಬೇಕಾಗಿಲ್ಲವೆಂದೂ ನ್ಯಾಯಾಲಯವು ವಿವೇಕದಿಂದಲೇ ಹೇಳಿದೆ. ಪ್ರಾಣವುಳಿಸಲು ತಡಮಾಡಲಾಗದ ತುರ್ತು ಸನ್ನಿವೇಶದಲ್ಲಿ ಮಾತ್ರ ಈ ನಿಯಮಕ್ಕೆ ವಿನಾಯಿತಿಯುಂಟು. ಇನ್ನು, ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆ ಪತ್ರಕ್ಕೆ ಅದನ್ನು ಓದಲರಿಯದ ಮುದುಕಿಯ ಹೆಬ್ಬೆಟ್ಟನ್ನು ಒತ್ತಿಸಿದರೆ ಕಾಗದವು ತುಂಬಬಹುದು, ಸಮ್ಮತಿಯು ಸಿದ್ಧಿಸದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ಅರ್ಥವಾಗುವ ಸರಳ ನುಡಿಯಲ್ಲಿ ವಿವರಿಸಬೇಕೆನ್ನುತ್ತದೆ. ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನು ಪಡೆಯುವ ಹಕ್ಕನ್ನೂ ಅದು ಎತ್ತಿಹಿಡಿದಿದೆ. ‘ತುಳುವಿನಲ್ಲಿ ಹೇಳಿರಿ’ ಎಂದು ಕೇಳಿಕೊಳ್ಳುವುದರಲ್ಲಿ ನಾಚುವಂಥದೇನೂ ಇಲ್ಲ.

ಕೆಲವು ಪರೀಕ್ಷೆಗಳಿಗೆ ವಿಶೇಷ ನಿಯಮಗಳಿವೆ. ಎಚ್‌ಐವಿ ಪರೀಕ್ಷೆಯನ್ನು ರೋಗಿಯ ತಿಳಿವಳಿಕೆಯ ಸಮ್ಮತಿಯಿಲ್ಲದೆ ಮಾಡಬಾರದೆಂದೂ, ಫಲಿತಾಂಶವನ್ನು ಗೋಪ್ಯವಾಗಿಡಬೇಕೆಂದೂ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ವಿಧಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕೇಳಲೂ ಬಾರದ, ಹೇಳಲೂ ಬಾರದ ಒಂದು ಸಂಗತಿಯುಂಟು: ಗರ್ಭಸ್ಥ ಶಿಶುವಿನ ಲಿಂಗ. ಹೆಣ್ಣುಮಗುವಿನ ಪ್ರಾಣರಕ್ಷಣೆಗಾಗಿ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧದ ಕಾಯಿದೆಯು ಅದನ್ನು ಅಪರಾಧವೆಂದು ಸಾರಿದೆ.

ದಾಖಲೆ ಮತ್ತು ದರ

ಚಿಕಿತ್ಸೆಯ ಕಡತವನ್ನು ಕೇಳಿ ಪಡೆಯುವ ಅಧಿಕಾರ ರೋಗಿಗಿದೆ. 2002ರ ವೈದ್ಯಕೀಯ ನಡತೆಯ ನಿಯಮಾವಳಿಯಂತೆ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆಯು ಆರಂಭವಾದಂದಿನಿಂದ ಮೂರು ವರ್ಷಗಳ ಕಾಲ ಕಾಪಾಡತಕ್ಕದ್ದು. ರೋಗಿಯಾಗಲಿ ಅವನ ಅಧಿಕೃತ ಪ್ರತಿನಿಧಿಯಾಗಲಿ ಕೇಳಿದಲ್ಲಿ ಸ್ವೀಕೃತಿಯನ್ನು ಕೊಟ್ಟು, 72 ಗಂಟೆಗಳೊಳಗೆ ಒದಗಿಸತಕ್ಕದ್ದು. ಅರ್ಜಿಯನ್ನು ಲಿಖಿತವಾಗಿ ಕೊಡಿರಿ. ರೋಗಿಯ ಹೆಸರು, ಒಳರೋಗಿ ಸಂಖ್ಯೆ, ದಾಖಲಾದ ಹಾಗೂ ಬಿಡುಗಡೆಯಾದ ದಿನಾಂಕಗಳನ್ನು ಬರೆದು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿರಿ. ಸರಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಕಾಯಿದೆಯ ದಾರಿಯೂ ತೆರೆದಿದೆ: ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನಗಳ ಅವಧಿ, ಪ್ರಾಣ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ.

ಖಾಸಗಿ ಆಸ್ಪತ್ರೆಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯು ಅನ್ವಯಿಸುತ್ತದೆ. ವಿವಿಧ ಸೇವೆಗಳ ದರವನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. 2017ರಲ್ಲಿ ತೀವ್ರ ಚರ್ಚೆಯ ನಡುವೆ ತಿದ್ದುಪಡಿಗೊಂಡ ಮೇಲೆ ಈ ಕಾಯಿದೆಯೊಳಗೆ ರೋಗಿಗಳ ಸನ್ನದೂ ಸೇರಿತು: ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಹಟ ಹಿಡಿಯಬಾರದು, ಬಾಕಿಯ ನೆಪದಲ್ಲಿ ಮೃತದೇಹವನ್ನು ತಡೆಹಿಡಿಯಬಾರದು. ತುರ್ತು ಚಿಕಿತ್ಸೆಯನ್ನು ಯಾವ ವೈದ್ಯನೂ ನಿರಾಕರಿಸಬಾರದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತ್ತು.

ದೂರು ಕೊಡುವ ದಾರಿ

ಮೊದಲನೆಯದಾಗಿ, ಆಸ್ಪತ್ರೆಯ ಮೇಲಧಿಕಾರಿಗೇ ಲಿಖಿತವಾಗಿ ತಿಳಿಸಿರಿ. ಎಷ್ಟೋ ತೊಡಕುಗಳು ಅಲ್ಲಿಯೇ ಬಗೆಹರಿಯುತ್ತವೆ. ಪರಿಹಾರ ದೊರೆಯದಿದ್ದರೆ, ಖಾಸಗಿ ಸಂಸ್ಥೆಯ ಮೇಲಿನ ದೂರನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ವೈದ್ಯರ ವೃತ್ತಿನಡತೆಯ ಲೋಪವನ್ನು ವಿಚಾರಿಸುವುದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು.

ನಷ್ಟಪರಿಹಾರವನ್ನು ಅಪೇಕ್ಷಿಸುವವರು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಬಹುದು. ಹಣ ಪಡೆದು ನೀಡುವ ವೈದ್ಯಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೊಳಪಡುವುದೆಂದು 1995ರಲ್ಲಿ ವಿ.ಪಿ. ಶಾಂತಾ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಕಡೆ ಅದು ಅನ್ವಯಿಸದು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೀಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಗೂ ಈ ರಕ್ಷಣೆಯುಂಟು. ದೂರಿಗೆ ಕಾರಣ ಉದ್ಭವಿಸಿದಂದಿನಿಂದ ಎರಡು ವರ್ಷಗಳೊಳಗೆ ಅರ್ಜಿಯನ್ನು ಹಾಕಬೇಕು. ಆಸ್ಪತ್ರೆಯ ಸೇವೆಯು ಕಾನೂನು ಸೇವೆಗಳ ಕಾಯಿದೆಯಲ್ಲಿ ಸಾರ್ವಜನಿಕ ಉಪಯುಕ್ತ ಸೇವೆಯೆಂದು ಪರಿಗಣಿತವಾಗಿರುವುದರಿಂದ ಖಾಯಂ ಜನತಾ ನ್ಯಾಯಾಲಯದಲ್ಲಿ, ನ್ಯಾಯಾಲಯ ಶುಲ್ಕವಿಲ್ಲದೆ, ರಾಜಿಯ ಮಾರ್ಗವನ್ನೂ ಹುಡುಕಬಹುದು. ವಕೀಲರನ್ನಿಡಲು ಶಕ್ತಿಯಿಲ್ಲದವರಿಗೂ, ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು ಇವರಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಉಚಿತವಾಗಿ ನೆರವಾಗುತ್ತದೆ. ಸಹಾಯವಾಣಿಯ ಸಂಖ್ಯೆ 15100.

ಇಷ್ಟನ್ನು ಹೇಳಿದ ಮೇಲೆ ಒಂದು ಮಾತನ್ನು ಸೇರಿಸದಿದ್ದರೆ ವೈದ್ಯರಿಗೆ ಅನ್ಯಾಯವಾದೀತು. ಚಿಕಿತ್ಸೆಯು ಫಲಿಸದಿದ್ದುದೆಲ್ಲವೂ ನಿರ್ಲಕ್ಷ್ಯವಲ್ಲ; ಇದನ್ನು ನ್ಯಾಯಾಲಯಗಳು ಪದೇ ಪದೇ ಹೇಳಿವೆ. ಹೊರಗೆ ಸಾಲುಗಟ್ಟಿದ ನೂರು ಮಂದಿಯ ನಡುವೆ ಒಬ್ಬರಿಗಾಗಿ ಐದು ನಿಮಿಷಗಳನ್ನು ಉಳಿಸಿಕೊಳ್ಳುವುದು ಸರಕಾರಿ ವೈದ್ಯರಿಗೆ ಎಷ್ಟು ದುಸ್ತರವೆಂಬುದನ್ನು ಬಲ್ಲವರೇ ಬಲ್ಲರು. ಅದರಿಂದ ರೋಗಿಯಾದವನು ತನ್ನ ಹಳೆಯ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಸೇವಿಸುತ್ತಿರುವ ಮಾತ್ರೆಗಳನ್ನು ಕೈಯಲ್ಲಿ ಹಿಡಿದು, ಕೇಳಬೇಕಾದುದನ್ನು ಮನೆಯಲ್ಲಿಯೇ ಬರೆದುಕೊಂಡು ಹೋದರೆ, ಆ ಐದು ನಿಮಿಷಗಳೇ ಸಾಕಾಗುವುವು. ನನ್ನ ರೋಗದ ಹೆಸರೇನು? ಈ ಪರೀಕ್ಷೆಯಿಂದ ಏನು ತಿಳಿಯುವುದು? ಈ ಚಿಕಿತ್ಸೆಯ ಗುಣದೋಷಗಳೇನು, ಬೇರೆ ದಾರಿಯುಂಟೆ? ಮನೆಯಲ್ಲಿ ಯಾವ ಲಕ್ಷಣ ಕಂಡರೆ ಕೂಡಲೆ ಮರಳಿ ಬರಬೇಕು? ಈ ನಾಲ್ಕು ಪ್ರಶ್ನೆಗಳಿಗೆ ತನ್ನ ನುಡಿಯಲ್ಲಿ ಉತ್ತರ ದೊರೆತ ಮೇಲೆಯೇ ಅವನು ಲೇಖನಿಯನ್ನು ಕೈಗೆತ್ತಿಕೊಳ್ಳಲಿ. ಆಗ ಒಪ್ಪಿಗೆ ಪತ್ರದ ಕೆಳಗೆ ಬೀಳುವ ಆ ಸಹಿಯು, ಅದು ಹೆಬ್ಬೆಟ್ಟಿನ ಗುರುತೇ ಆಗಿದ್ದರೂ, ಅವನ ಸ್ವಂತದ್ದಾಗಿರುವುದು.