ಭೌತವಿಜ್ಞಾನ ಕಲಿಯಬಲ್ಲೆನೆಂಬ ನಂಬಿಕೆ

ಭೌತವಿಜ್ಞಾನ ತಿಳಿದಿರುವುದು ಬೇರೆ, ಅದನ್ನು ಕಲಿಯಬಲ್ಲೆನೆಂಬ ನಂಬಿಕೆ ಬೇರೆ. ನಂಬಿಕೆ ಕುಂದಿದ ವಿದ್ಯಾರ್ಥಿಗಳು ಲೆಕ್ಕವನ್ನು ಪೂರ್ತಿ ಓದುವ ಮೊದಲೇ ಪೆನ್ನು ಕೆಳಗಿಡುತ್ತಾರೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇಂಥ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದಕ್ಕೇ ಬಲ ಹೆಚ್ಚು. ಪದವಿಪೂರ್ವ ಕಾಲೇಜಿನ ಉಪನ್ಯಾಸಕನಾಗಿ ಈ ಲೇಖಕ ಕಲಿತ ಪಾಠವೂ ಅದೇ.

ಕರ್ನಾಟಕದಲ್ಲಿ ಈ ನಂಬಿಕೆ ಅಲುಗಾಡುವುದು ಪ್ರಥಮ ಪಿಯುಸಿಯ ಮೊದಲ ತಿಂಗಳುಗಳಲ್ಲಿ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆ ವೇಗೋತ್ಕರ್ಷ ‘ಆಕ್ಸಲರೇಷನ್’ ಆಗುತ್ತದೆ, ಸಂವೇಗ ‘ಮೊಮೆಂಟಮ್’ ಆಗುತ್ತದೆ. ಗಣಿತದ ತರಗತಿಯಲ್ಲಿ ಅವಕಲನದ ಪಾಠ ಬರುವ ಮೊದಲೇ ಚಲನೆಯ ಪಾಠಕ್ಕೆ ಅದು ಬೇಕಾಗುತ್ತದೆ. ಭಾಷೆ, ಗಣಿತ, ಹೊಸ ಪರಿಕಲ್ಪನೆ ಈ ಮೂರು ತೊಡಕುಗಳು ಒಟ್ಟಿಗೇ ಎದುರಾದಾಗ ವಿದ್ಯಾರ್ಥಿಗಳು ಅವನ್ನು ಬಿಡಿಸಿ ನೋಡುವುದಿಲ್ಲ. ‘ನನ್ನ ತಲೆಗೆ ಹತ್ತುವುದಿಲ್ಲ’ ಎಂದುಬಿಡುತ್ತಾರೆ.

ಆರಂಭದ ವರ್ಷಗಳಲ್ಲಿ ಈ ಲೇಖಕ ನೆಚ್ಚಿಕೊಂಡದ್ದು ಧೈರ್ಯದ ಮಾತನ್ನು. ‘ಇದು ಬಹಳ ಸುಲಭ’ ಎಂದದ್ದು ಕೆಡುಕನ್ನೇ ಮಾಡಿತು: ಸುಲಭವಾದದ್ದೂ ಬಾರದವರಿಗೆ ತಾವು ದಡ್ಡರೆಂಬುದು ಖಾತ್ರಿಯಾಯಿತು. ಕಪ್ಪುಹಲಗೆಯ ಮೇಲೆ ಎಲ್ಲೂ ತಡವರಿಸದೆ ಬಿಡಿಸಿದ ಲೆಕ್ಕಗಳೂ ಅಷ್ಟೇ. ನೋಡುವಾಗ ತಿಳಿದಂತಿದ್ದವು, ಮನೆಯಲ್ಲಿ ಕೂತಾಗ ಮೊದಲ ಸಾಲೂ ಹೊಳೆಯುತ್ತಿರಲಿಲ್ಲ.

ಬದಲಾವಣೆ ತಂದದ್ದು ಒಂದು ದಾರ, ಒಂದು ಕಲ್ಲು, ಮೊಬೈಲಿನ ಸ್ಟಾಪ್‌ವಾಚ್. ದಾರ ಕಟ್ಟಿದ ಜಾಗದಿಂದ ಕಲ್ಲಿನ ನಡುವಿನವರೆಗೆ 1 ಮೀಟರ್ ಇಟ್ಟು, ಸ್ವಲ್ಪವೇ ಓರೆಗೆಳೆದು ಬಿಟ್ಟರೆ 10 ಆಂದೋಲನಗಳಿಗೆ ಸುಮಾರು 20 ಸೆಕೆಂಡು ಹಿಡಿಯುತ್ತದೆ. ಆವರ್ತಕಾಲ 2 ಸೆಕೆಂಡೆಂದು ಲೋಲಕದ ಸೂತ್ರಕ್ಕೆ ಹಾಕಿದರೆ ಗುರುತ್ವ ವೇಗೋತ್ಕರ್ಷ 9.87 ಎಂದು ಬರುತ್ತದೆ, ಪುಸ್ತಕದಲ್ಲಿರುವುದು 9.8. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ದಾರವನ್ನು 25 ಸೆಂಟಿಮೀಟರಿಗೆ ಇಳಿಸಿ, ಆವರ್ತಕಾಲ ಕಾಲುಭಾಗವಾಗದೆ ಅರ್ಧವಾದದ್ದನ್ನು ತಾನೇ ಕಂಡಳು. ಆ ಸೂತ್ರದಲ್ಲಿ ವರ್ಗಮೂಲ ಏಕಿದೆಯೆಂಬುದು ಅವಳಿಗೆ ಅಂದು ತಿಳಿಯಿತು. ಮರುವಾರ ಪಕ್ಕದವಳಿಗೆ ಅದನ್ನು ವಿವರಿಸಿದವಳೂ ಅವಳೇ.

ಅಲ್ಲಿಂದ ಮುಂದೆ ತರಗತಿಯ ಕ್ರಮ ಬದಲಾಯಿತು. ಪ್ರತಿ ಪಾರಿಭಾಷಿಕ ಪದವನ್ನು ಎರಡೂ ಭಾಷೆಗಳಲ್ಲಿ ಬರೆಸಲಾಯಿತು. ಬೇಕಾದ ಗಣಿತವನ್ನು ಪಾಠಕ್ಕೆ ಮೊದಲೇ ಬೇರೆಯಾಗಿ ಹೇಳಲಾಯಿತು. ಲೆಕ್ಕಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ತಪ್ಪಿದ ಹೆಜ್ಜೆಯನ್ನು ಅಳಿಸದೆ ಅದರ ಕಾರಣ ಹುಡುಕಲಾಯಿತು. ಸಹಪಾಠಿಗಳು ಪರಸ್ಪರ ವಿವರಿಸಿಕೊಳ್ಳಲು ಸಮಯ ಸಿಕ್ಕಿತು. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಬೋಧನಾ ವಿಧಾನದ ತಿರುಳೂ ಇದೇ.

ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತೆಂದು ಮಕ್ಕಳನ್ನು ವಿಜ್ಞಾನದಿಂದ ಬಿಡಿಸುವ ಮೊದಲು, ಅಡ್ಡಿಯಾದದ್ದು ಭಾಷೆಯೋ, ಗಣಿತವೋ, ಭೌತವಿಜ್ಞಾನವೋ ಎಂಬುದನ್ನು ಪೋಷಕರೂ ಉಪನ್ಯಾಸಕರೂ ಕೂತು ನೋಡಬೇಕು.