ನುರಿತ ನೌಕರ, ಒರಟು ಮಾತು: ತಿಳಿಹೇಳುವ ಕ್ರಮ

ಚನ್ನಗಿರಿಯ ಅಡಿಕೆ ಮಂಡಿ, ಹೊನ್ನಾಳಿಯ ಅಕ್ಕಿ ಗಿರಣಿ, ನ್ಯಾಮತಿಯ ಗೊಬ್ಬರದ ಅಂಗಡಿ, ಜಗಳೂರಿನ ಮೆಕ್ಕೆಜೋಳದ ಗೋದಾಮು: ವಹಿವಾಟು ಯಾವುದೇ ಇರಲಿ, ಮಾಲೀಕರಿಗೆ ಎದುರಾಗುವ ಸಮಸ್ಯೆಯೊಂದು ಸಮಾನವಾದುದು. ಕೆಲಸದಲ್ಲಿ ನುರಿತವನಾಗಿದ್ದು, ಮಾತಿನಲ್ಲಿ ಒರಟನಾದ ನೌಕರನನ್ನು ತಿದ್ದುವುದು ಹೇಗೆ? ಸುಮ್ಮನಿದ್ದರೆ ಗಿರಾಕಿ ಕೈತಪ್ಪುತ್ತಾನೆ. ಗದರಿಸಿದರೆ ನೌಕರನೇ ಎದುರಿನ ಅಂಗಡಿ ಸೇರುತ್ತಾನೆ. ಸಣ್ಣ ಊರುಗಳಲ್ಲಿ ಪಳಗಿದ ಕೈ ಮತ್ತೊಂದು ದೊರೆಯುವುದು ಸುಲಭವಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅಡಿಕೆ ಮಂಡಿಯೊಂದರಲ್ಲಿ ರಾಶಿ, ಬೆಟ್ಟೆ, ಗೊರಬಲುಗಳ ಗುಣಮಟ್ಟವನ್ನು ನೋಡಿದೊಡನೆ ಹೇಳಬಲ್ಲ ಹಿರಿಯ ಗುಮಾಸ್ತರಿದ್ದಾರೆ. ಮಾಲು ತಂದ ರೈತನಿಗೆ ಅವರು ಎಲ್ಲರೆದುರು, "ಒಣಗದ ಮಾಲು ತರೋಕೆ ನಾಚಿಕೆ ಆಗಲ್ವಾ?" ಎನ್ನುತ್ತಾರೆ. ತೇವಾಂಶದ ಕುರಿತ ಅವರ ತೀರ್ಮಾನ ಸರಿ; ಆಡಿದ ಮಾತು ಸರಿಯಲ್ಲ. ಮಾಲೀಕರು ಇವೆರಡನ್ನೂ ಬೇರ್ಪಡಿಸಿ ನೋಡಬೇಕು.

1. ಸ್ಥಳ ಮತ್ತು ಸಮಯ: ಹಮಾಲರ ಅಥವಾ ರೈತರ ಎದುರು ಹೇಳಬಾರದು. ಅಂದಿನ ವ್ಯಾಪಾರ ಮುಗಿದ ಮೇಲೆ ಪ್ರತ್ಯೇಕವಾಗಿ ಕುಳಿತು ಮಾತನಾಡಬೇಕು. ಸಂಬಳ ಬಟವಾಡೆಯ ವೇಳೆಯೂ ಬೇಡ. ಹಳೆಯ ಮುಂಗಡದ ಬಾಕಿಯನ್ನು ಮಧ್ಯೆ ತರುವುದೂ ಬೇಡ.

2. ಹೇಳುವ ರೀತಿ: ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆಯು ಸನ್ನಿವೇಶ, ವರ್ತನೆ, ಪರಿಣಾಮ ಎಂಬ ಮೂರು ಹೆಜ್ಜೆಗಳ ಕ್ರಮವನ್ನು ಬೋಧಿಸುತ್ತದೆ. "ನಿಮ್ಮ ಬಾಯಿಯೇ ಸರಿಯಿಲ್ಲ" ಎನ್ನುವುದು ವ್ಯಕ್ತಿನಿಂದೆ. "ಅಣ್ಣಾ, ಇವತ್ತು ಮಧ್ಯಾಹ್ನ ಮಾಲು ನೋಡುವಾಗ ಆ ರೈತರಿಗೆ ಎಲ್ಲರ ಮುಂದೆ ನಾಚಿಕೆಯ ಮಾತು ಅಂದಿರಿ. ಅವರು ಚೀಲ ಬಿಚ್ಚದೆ ವಾಪಸ್ ಹೋದರು" ಎನ್ನುವುದು ಸಂಗತಿ. ನಿಂದೆಗೆ ಜಗಳವೇ ಉತ್ತರವಾಗುತ್ತದೆ. ಸಂಗತಿಗೆ ಕಾರಣ ಕೊಡಬೇಕಾಗುತ್ತದೆ.

3. ಆಲಿಸುವುದು: ಸುಗ್ಗಿಯಲ್ಲಿ ಮಾಲು ನೋಡುವುದು, ತೂಕ, ಲೆಕ್ಕ ಮೂರೂ ಒಬ್ಬರ ಮೇಲೆಯೇ ಬಿದ್ದಿರಬಹುದು. ದೋಷವು ನಮ್ಮ ವ್ಯವಸ್ಥೆಯಲ್ಲಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

4. ಒಪ್ಪಂದ: ಒಮ್ಮೆಗೆ ಒಂದೇ ಬದಲಾವಣೆಯನ್ನು ಕೇಳಿ. ತೇವ ಹೆಚ್ಚಿದ್ದರೆ ರೈತರನ್ನು ಪಕ್ಕಕ್ಕೆ ಕರೆದು ಹೇಳುವುದೆಂದು ಒಪ್ಪಿಕೊಂಡರೆ, ದಿನಾಂಕಸಹಿತ ಬರೆದಿಟ್ಟು 15 ದಿನಗಳ ನಂತರ ಪರಿಶೀಲಿಸಿ. ಸುಧಾರಣೆ ಕಂಡರೆ ಅದನ್ನೂ ಬಾಯಿಬಿಟ್ಟು ಹೇಳಿ.

ಇಷ್ಟಾದರೂ ಬದಲಾಗದಿದ್ದಲ್ಲಿ ದುಡುಕುವಂತಿಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ 39ನೇ ಪ್ರಕರಣದಂತೆ, ಸತತ 6 ತಿಂಗಳು ಸೇವೆ ಸಲ್ಲಿಸಿದ ನೌಕರನನ್ನು ತೆಗೆಯಲು ಸಮಂಜಸ ಕಾರಣ ಇರಬೇಕು. ಜೊತೆಗೆ 1 ತಿಂಗಳ ಮುನ್ಸೂಚನೆ ಅಥವಾ ಅದಕ್ಕೆ ಬದಲಾಗಿ ವೇತನ ನೀಡಬೇಕು. ವಿಚಾರಣೆ ನಡೆಸಿ, ದಾಖಲಿಸಿದ ಸಾಕ್ಷ್ಯದಿಂದ ದುರ್ನಡತೆ ರುಜುವಾತಾದಲ್ಲಿ ಮಾತ್ರ ಮುನ್ಸೂಚನೆ ಬೇಕಿಲ್ಲ. ಕಾರ್ಖಾನೆಗಳಿಗೆ ಅನ್ವಯಿಸುವ ಕಾನೂನು ಬೇರೆಯಾದುದರಿಂದ ಗಿರಣಿ ಮಾಲೀಕರು ಬಲ್ಲವರ ಸಲಹೆ ಪಡೆಯುವುದು ಲೇಸು. ದಿನಾಂಕಸಹಿತ ಬರೆದಿಟ್ಟ ಟಿಪ್ಪಣಿಯು ಆಗ ಇಬ್ಬರಿಗೂ ನ್ಯಾಯ ದೊರಕಿಸಲು ನೆರವಾಗುತ್ತದೆ.

ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅಷ್ಟು ದೂರ ಹೋಗುವ ಅಗತ್ಯ ಬಾರದಂತೆ ನೋಡಿಕೊಳ್ಳಬಹುದು. ಅದಕ್ಕೆ ಬೇಕಾದುದು ಅಸಮಾಧಾನವನ್ನು ತಿಂಗಳುಗಟ್ಟಲೆ ಕೂಡಿಡದೆ, ಆಯಾ ದಿನದ ಲೆಕ್ಕದಂತೆ ಅಂದೇ ಮುಗಿಸುವ ಅಭ್ಯಾಸ.