ಗಣೇಶಗುಡಿಯ ನೀರಿನ ತೊಟ್ಟಿಯ ಮುಂದೆ

ಕೋಟೇಶ್ವರದ ಹಾಡಿಗಳಲ್ಲಿ ಸಣ್ಣ ಹಕ್ಕಿಗಳ ಬೆನ್ನುಬಿದ್ದು, ಎಲೆಮರೆಯ ಬಾಲವಷ್ಟೇ ಸಿಕ್ಕಿ ಬೇಸತ್ತವರು ಒಮ್ಮೆ ಜೋಯಿಡಾ ತಾಲೂಕಿನ ಗಣೇಶಗುಡಿಗೆ ಹೋಗಲೇಬೇಕು. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ ಈಗ ಜಂಗಲ್ ಲಾಡ್ಜಸ್‌ನವರ ಓಲ್ಡ್ ಮ್ಯಾಗಜಿನ್ ಹೌಸ್. ಅಲ್ಲಿ ಮರಗಳ ಕೆಳಗೆ ಹಕ್ಕಿಗಳಿಗೆಂದೇ ನೀರಿನ ತೊಟ್ಟಿಗಳಿವೆ. ಅಲುಗದೆ ಕೂತರೆ ಬಾಯಾರಿದ ಹಕ್ಕಿಗಳು ತಾವಾಗಿಯೇ ಬರುತ್ತವೆ.

ಕೋಟೇಶ್ವರದಿಂದ ಹೆದ್ದಾರಿ 66ರಲ್ಲಿ ಕಾರವಾರ, ಅಲ್ಲಿಂದ ಕದ್ರಾ, ಅಣಶಿ ಘಾಟಿ, ಜೋಯಿಡಾ. ಆರು ತಾಸಾದರೂ ಬೇಕು. ರೈಲಾದರೆ ಕುಂದಾಪುರದಲ್ಲಿ ಹತ್ತಿ ಕಾರವಾರದಲ್ಲಿ ಇಳಿಯಬಹುದು. ಕೋಣೆ ಮುಂಚೆಯೇ ಕಾದಿರಿಸಿ, ವಾರಾಂತ್ಯ ತಪ್ಪಿಸಿ, ಎರಡು ರಾತ್ರಿ ಉಳಿಯಿರಿ.

ನನ್ನ ಆಯ್ಕೆ ಫೆಬ್ರವರಿ ಕೊನೆಯಿಂದ ಮಾರ್ಚ್. ಕಾಡಿನ ತೊರೆಗಳು ಬತ್ತತೊಡಗಿರುತ್ತವೆ, ಚಳಿಗಾಲಕ್ಕೆ ಹಿಮಾಲಯದಿಂದ ಇಳಿದುಬಂದ ನೀಲಿತಲೆಯ ಬಂಡೆಸಿಳ್ಳಾರ ಇನ್ನೂ ಹಿಂದಿರುಗಿರುವುದಿಲ್ಲ. ಜೊತೆಗೆ ಶಾಮ, ರಾಜಹಕ್ಕಿ, ಕಿತ್ತಳೆತಲೆಯ ನೆಲಸಿಳ್ಳಾರ, ಪಚ್ಚೆ ಪಾರಿವಾಳ. ಎಲ್ಲಕ್ಕಿಂತ ಕಾಯಬೇಕಾದದ್ದು ಕೆಂಪುಕೊರಳ ಪಿಕಳಾರಕ್ಕೆ: ಕಪ್ಪು ತಲೆ, ಹಳದಿ ಮೈ, ಕೆಂಡದಂಥ ಗಂಟಲು. ಗೋವಾದ ರಾಜ್ಯಪಕ್ಷಿಯಾದ ಇದು ನಮ್ಮ ಪಶ್ಚಿಮಘಟ್ಟದ ಸ್ವಂತ ಹಕ್ಕಿ.

ನಿಜವಾದ ಸವಾಲು ಬೆಳಕಿನದು. ಮರದಡಿ ನಡುಹಗಲೂ ಮಬ್ಬು. ಐಎಸ್ಒ 1600ರಿಂದ 3200ಕ್ಕೆ ಏರಿಸಲು ಅಂಜಬೇಡಿ. ಚಿತ್ರದಲ್ಲಿ ತುಸು ಕಾಳುಕಾಳು ಕಂಡರೂ ಹಕ್ಕಿಯ ಕಣ್ಣು ಚೂಪಾಗಿರಲಿ. ಕೂತ ಹಕ್ಕಿಗೆ ಷಟರ್ ವೇಗ ಸೆಕೆಂಡಿನ 250ನೇ ಒಂದು ಭಾಗ ಸಾಲಬಹುದು, ರೆಕ್ಕೆ ಬಡಿದು ಮೀಯುವಾಗ 1000ಕ್ಕೇ ಏರಿಸಬೇಕು. 400 ಮಿ.ಮೀ. ಲೆನ್ಸ್ ಧಾರಾಳ ಸಾಕು, ಆದರೆ ಅದು ಎಷ್ಟು ಹತ್ತಿರದವರೆಗೆ ಫೋಕಸ್ ಮಾಡುತ್ತದೆಂದು ಮನೆಯಲ್ಲೇ ನೋಡಿಕೊಳ್ಳಿ; ಹಕ್ಕಿ ಕೆಲವೇ ಮೀಟರ್ ದೂರದಲ್ಲಿರುತ್ತದೆ. ಟ್ರೈಪಾಡ್ ಕಣ್ಣಿನ ಮಟ್ಟಕ್ಕಿಂತ ತಗ್ಗಿರಲಿ. ಫ್ಲಾಶ್ ಬೇಡ.

ಹಕ್ಕಿ ನೇರ ನೀರಿಗಿಳಿಯುವುದು ಅಪರೂಪ. ಮೊದಲು ಮೇಲಿನ ಕೊಂಬೆ, ಬಳಿಕ ತಗ್ಗಿನ ರೆಂಬೆ, ಅತ್ತಿತ್ತ ನೋಟ, ಆಮೇಲೆ ತೊಟ್ಟಿಯ ಅಂಚು. ಆ ತಗ್ಗಿನ ರೆಂಬೆಗೇ ಮೊದಲು ಫೋಕಸ್ ಮಾಡಿಟ್ಟುಕೊಳ್ಳಿ. ಒಳ್ಳೆಯ ಚಿತ್ರ ಸಿಗುವುದು ಹೆಚ್ಚಾಗಿ ಅಲ್ಲೇ. ಮಿಂದ ಮೇಲೆ ಗರಿ ಒಣಗಿಸಲು ಅಲ್ಲಿಗೇ ಮರಳುವುದೂ ಉಂಟು, ಒಮ್ಮೆ ಕ್ಲಿಕ್ಕಿಸಿ ಏಳಬೇಡಿ. ಸಂಜೆ ಬೆಳಕು ಕುಂದಿತೆಂದು ಸಾಮಾನು ಕಟ್ಟುವವರು ನೊಣಹಿಡುಕಗಳನ್ನು ಕಳೆದುಕೊಳ್ಳುತ್ತಾರೆ. ಗೂಡಿಗೆ ಸೇರುವ ಮುನ್ನದ ಮೀಯುವಿಕೆ ಅವಕ್ಕೆ ಬಲು ಇಷ್ಟ.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ, ಸುಗಂಧವಿಲ್ಲದಿರಲಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಲೇಬೇಡಿ: ಮರಿ ಮಾಡುವ ಕಾಲದಲ್ಲಿ ಗಂಡು ಎದುರಾಳಿ ಬಂದನೆಂದು ನಂಬಿ, ಮೇವು ಬಿಟ್ಟು ಕಾದಾಡಲು ಹಾರಿಬರುತ್ತದೆ. ಪಕ್ಕದವರು ಹಾಗೆ ಮಾಡಿದರೆ ಅಲ್ಲಿನ ಸಿಬ್ಬಂದಿಗೆ ತಿಳಿಸಿ.